ಗುಜರಿ ಮರ, ಎರಡು ಕ್ಯಾಮೆರಾ, ಒಂದು ವ್ಯಾಸಪೀಠ

ಅಮೆರಿಕದ ನಾರ್ತ್ ಡಕೋಟಾದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದ ಡೇನಿಯಲ್ ರೀಟ್ಜ್ ಅವರಿಗೆ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಓದುವ ಆಸೆ. ಪುಸ್ತಕಕ್ಕೆಂದೇ ತಯಾರಾದ ಸ್ಕ್ಯಾನರುಗಳ ಬೆಲೆ ಮಾತ್ರ ಸಾವಿರಾರು ಡಾಲರ್. 2009ರ ಜನವರಿಯಲ್ಲಿ ಹೊಸ ಸೆಮಿಸ್ಟರಿನ ಪಠ್ಯಪುಸ್ತಕಗಳ ಬೆಲೆ ಕಂಡದ್ದೇ ತಡ, ಯಂತ್ರವನ್ನು ತಾವೇ ಕಟ್ಟಲು ಕೂತರು. ಮರದ ತುಂಡುಗಳು, ಅಕ್ರಿಲಿಕ್ ಹಾಳೆ, ಎರಡು ದೀಪ, ಎರಡು ಕ್ಯಾನನ್ ಪವರ್‌ಶಾಟ್ ಕ್ಯಾಮೆರಾ. ಮೂರು ದಿನದ ಕೆಲಸ, ಸುಮಾರು 300 ಡಾಲರ್ ಖರ್ಚು. 400 ಪುಟದ ಪುಸ್ತಕ 20 ನಿಮಿಷದಲ್ಲಿ ಮುಗಿಯತೊಡಗಿತು.

ಹಾಳೆ ಮಗುಚುವುದು ಮಾತ್ರ ಕೈಯ ಕೆಲಸವಾಗಿಯೇ ಉಳಿಯಿತು.

ಮನೆಯಲ್ಲಿ ಸ್ಕ್ಯಾನ್ ಮಾಡುವವರು ಮೊದಲೂ ಇದ್ದರು. ಫ್ಲ್ಯಾಟ್‌ಬೆಡ್ ಸ್ಕ್ಯಾನರಿನ ಗಾಜಿನ ಮೇಲೆ ಪುಸ್ತಕವನ್ನು ಬೋರಲು ಹಾಕಬೇಕು, ಬೆನ್ನು ಒತ್ತಿ ಹಿಡಿಯಬೇಕು, ದೀಪ ಸರಿದು ಮುಗಿಯುವವರೆಗೆ ಕಾಯಬೇಕು. ಎತ್ತಿ, ಹಾಳೆ ಮಗುಚಿ, ಮತ್ತೆ ಬೋರಲು. ಇಷ್ಟಾದರೂ ಒಳ ಅಂಚಿನ ಸಾಲುಗಳು ಬಾಗಿ ನೆರಳಲ್ಲಿ ಮುಳುಗುತ್ತವೆ. ಬದಿಯಿಂದ ಪಿನ್ ಹೊಡೆದು ಕಟ್ಟಿದ ಹಳೆಯ ಪುಸ್ತಕವನ್ನು ಹೀಗೆ ಒತ್ತಿದರೆ ಬೆನ್ನೇ ಸೀಳಿ ಹಾಳೆಗಳು ಉದುರುತ್ತವೆ.

ಬೆನ್ನನ್ನು ಕತ್ತರಿಸಿಯೇ ಬಿಡುವುದು ಇನ್ನೊಂದು ದಾರಿ. 2010ರಲ್ಲಿ ಐಪ್ಯಾಡ್ ಬಂದ ಮೇಲೆ ಜಪಾನಿನ ಓದುಗರು ಇದನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದರು: ಕಟರಿನಲ್ಲಿ ಬೆನ್ನು ಕತ್ತರಿಸಿ, ಬಿಡಿ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಸ್ಕ್ಯಾನರಿಗೆ ಕೊಟ್ಟರೆ ಆಯಿತು. ದುಡ್ಡು ತೆಗೆದುಕೊಂಡು ಇದನ್ನು ಮಾಡಿಕೊಡುವ ಅಂಗಡಿಗಳೂ ಹುಟ್ಟಿದವು. ಲೇಖಕರು ಮೊಕದ್ದಮೆ ಹೂಡಿದರು. ತನ್ನ ಪುಸ್ತಕವನ್ನು ತಾನು ಓದಲು ತಾನೇ ಸ್ಕ್ಯಾನ್ ಮಾಡಿಕೊಂಡರೆ ತಕರಾರಿಲ್ಲ, ಆದರೆ ಅಂಗಡಿಯವರು ಮಾಡಿಕೊಡುವುದು ಹಕ್ಕುಸ್ವಾಮ್ಯದ ಉಲ್ಲಂಘನೆ ಎಂದು 2014ರಲ್ಲಿ ಅಲ್ಲಿನ ಬೌದ್ಧಿಕ ಆಸ್ತಿ ಹೈಕೋರ್ಟ್ ತೀರ್ಪಿತ್ತಿತು.

ರೀಟ್ಜ್ ಪುಸ್ತಕವನ್ನು ಬೋರಲೂ ಹಾಕಲಿಲ್ಲ, ಕತ್ತರಿಸಲೂ ಇಲ್ಲ. ವ್ಯಾಸಪೀಠದ ಮೇಲೆ ಗ್ರಂಥ ಅರ್ಧ ಬಿಚ್ಚಿಕೊಂಡು ಕೂರುವಂತೆ ಅವರ ಮರದ ತೊಟ್ಟಿಲಲ್ಲೂ ಪುಸ್ತಕ ಓರೆಯಾಗಿ ತೆರೆದು ಕೂರುತ್ತದೆ. ಅದೇ ಕೋನದಲ್ಲಿ ಜೋಡಿಸಿದ ಪಾರದರ್ಶಕ ಹಾಳೆ ಮೇಲಿನಿಂದ ಇಳಿದು ಎರಡೂ ಪುಟಗಳನ್ನು ಸಮತಟ್ಟು ಮಾಡುತ್ತದೆ. ಎಡಗಡೆಯ ಕ್ಯಾಮೆರಾ ಬಲಪುಟಕ್ಕೆ, ಬಲಗಡೆಯದು ಎಡಪುಟಕ್ಕೆ ನೇರವಾಗಿ ಮುಖ ಮಾಡಿರುತ್ತದೆ. ಬೆನ್ನಿಗೆ ಪೆಟ್ಟಿಲ್ಲ, ಸಾಲುಗಳು ಬಾಗುವುದಿಲ್ಲ. ಗ್ರಂಥಾಲಯಗಳ ದುಬಾರಿ ಯಂತ್ರಗಳಲ್ಲಿ ಈ ವಿನ್ಯಾಸ ಆಗಲೇ ಇತ್ತು. ರೀಟ್ಜ್ ಅದನ್ನು ಗುಜರಿ ಸಾಮಾನಿನಲ್ಲಿ ಕಟ್ಟಿ ತೋರಿಸಿದರು.

ಎರಡು ಕ್ಯಾಮೆರಾಗಳನ್ನು ಒಟ್ಟಿಗೆ ಕ್ಲಿಕ್ಕಿಸುವುದು ಹೇಗೆ? ಕ್ಯಾನನ್ ಕ್ಯಾಮೆರಾಗಳಿಗೆಂದು ಹವ್ಯಾಸಿಗಳು ಬರೆದ ಸಿಎಚ್‌ಡಿಕೆ ಎಂಬ ಉಚಿತ ತಂತ್ರಾಂಶ ನೆರವಿಗೆ ಬಂತು. ಮೆಮೊರಿ ಕಾರ್ಡಿನಿಂದಲೇ ನಡೆಯುವ ಇದನ್ನು ಹಾಕಿದರೆ, ಯುಎಸ್‌ಬಿ ಕಿಂಡಿಗೆ ಸ್ವಲ್ಪ ವಿದ್ಯುತ್ ತಾಗಿದರೂ ಕ್ಯಾಮೆರಾ ಫೋಟೊ ತೆಗೆಯುತ್ತದೆ. ಬ್ಯಾಟರಿ, ಸ್ವಿಚ್ಚು, ಎರಡು ವೈರು ಸಾಕು. ಗುಂಡಿ ಒಮ್ಮೆ ಒತ್ತಿದರೆ ಎರಡು ಪುಟ.

ರೀಟ್ಜ್ ಈ ವಿಧಾನವನ್ನು 79 ಹಂತಗಳಲ್ಲಿ ವಿವರಿಸಿ ಎಲ್ಲರಿಗೂ ಹಂಚಿದರು. ನೋಡಿದವರು ತಮ್ಮ ಊರಲ್ಲಿ ಸಿಕ್ಕ ಸಾಮಾನಿನಲ್ಲಿ ತಮ್ಮದೇ ಮಾದರಿಗಳನ್ನು ಕಟ್ಟಿದರು. ಓರೆಯಾದ ಪುಟವನ್ನು ನೇರ ಮಾಡಿ, ಅಂಚು ಕತ್ತರಿಸಿ, ಕಾಗದದ ಹಳದಿ ಬಣ್ಣ ತೆಗೆಯುವ ಕೆಲಸಕ್ಕೆ ‘ಸ್ಕ್ಯಾನ್ ಟೇಲರ್’ ಎಂಬ ಉಚಿತ ತಂತ್ರಾಂಶ ಒದಗಿತು.

ಹಾಳೆ ಮಗುಚುವ ಕೆಲಸವನ್ನೂ ಯಂತ್ರಕ್ಕೆ ವಹಿಸುವ ಪ್ರಯತ್ನ ನಡೆಯದೆ ಇರಲಿಲ್ಲ. ಗೂಗಲ್ ಎಂಜಿನಿಯರ್ ಡ್ಯಾನಿ ಕುಮ್ಸಿಯೆ 2012ರಲ್ಲಿ ವ್ಯಾಕ್ಯೂಮ್ ಕ್ಲೀನರಿನ ಗಾಳಿಯಿಂದ ಹಾಳೆ ಎಳೆದು ಮಗುಚುವ ಯಂತ್ರ ತೋರಿಸಿದರು. 1000 ಪುಟಕ್ಕೆ ಸುಮಾರು 90 ನಿಮಿಷ. ರೀಟ್ಜ್ ವೇಗದಲ್ಲಿ ಲೆಕ್ಕ ಹಾಕಿದರೆ ಅಷ್ಟೇ ಪುಟ 50 ನಿಮಿಷದ್ದು. ಆನ್‌ಲೈನ್ ಗ್ರಂಥಾಲಯವಾದ ಇಂಟರ್ನೆಟ್ ಆರ್ಕೈವ್‌ನ ‘ಸ್ಕ್ರೈಬ್’ ಸ್ಕ್ಯಾನ್ ಯಂತ್ರದ ಮುಂದೆ ಇವತ್ತಿಗೂ ಮನುಷ್ಯರೇ ಕೂತು ಹಾಳೆ ಮಗುಚುತ್ತಾರೆ. ಬೆಂಗಳೂರಿನಲ್ಲಿ ಸ್ಕ್ಯಾನ್ ಆದ ಎಷ್ಟೋ ಕನ್ನಡ ಪುಸ್ತಕಗಳು ಅದೇ ಆರ್ಕೈವ್‌ನ ‘ಸರ್ವೆಂಟ್ಸ್ ಆಫ್ ನಾಲೆಜ್’ ಸಂಗ್ರಹದಲ್ಲಿವೆ.

ಈಗ ಕ್ಯಾಮೆರಾವನ್ನು ಬೇರೆಯಾಗಿ ಕೊಳ್ಳಬೇಕಾಗಿಲ್ಲ, ಮೊಬೈಲಿನದೇ ಸಾಕು. ಕನ್ನಡ ಪುಸ್ತಕಗಳ ರೂಢಿಯ ಡೆಮಿ 1/8 ಅಳತೆಯ ಪುಟದ ಉದ್ದ ಸುಮಾರು ಎಂಟೂವರೆ ಇಂಚು. 8 ಮೆಗಾಪಿಕ್ಸೆಲ್ ಫೋಟೊದ ಉದ್ದದಲ್ಲಿ 3264 ಚುಕ್ಕಿ. ಚೌಕಟ್ಟು ತುಂಬ ಪುಟ ಬಂದರೆ ಇಂಚಿಗೆ 380ಕ್ಕೂ ಹೆಚ್ಚು ಚುಕ್ಕಿ ಸಿಗುತ್ತದೆ. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸುವ ಓಸಿಆರ್‌ಗೆ 300 ಸಾಕು. ಮೊಬೈಲನ್ನು ಸ್ಟ್ಯಾಂಡಿಗೆ ಬಿಗಿದು, ಪುಟದ ಮೇಲೆ ಗಾಜಿಟ್ಟು, ಬೆಳಕು ಗಾಜಲ್ಲಿ ಪ್ರತಿಫಲಿಸದಂತೆ ಪಕ್ಕದಿಂದ ಬೀಳಿಸಿದರೆ ಕೆಲಸ ನಡೆಯುತ್ತದೆ. ಕ್ಯಾಮೆರಾ ಒಂದೇ ಆದ್ದರಿಂದ ಮೊದಲು ಬಲಪುಟಗಳೆಲ್ಲ, ಆಮೇಲೆ ಎಡಪುಟಗಳೆಲ್ಲ.

ಚಿತ್ರವನ್ನು ಅಕ್ಷರವಾಗಿಸಲು ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಟೆಸರಾಕ್ಟ್ ಎಂಬ ತಂತ್ರಾಂಶ ಇದೆ. ಅದಕ್ಕೆ ಕನ್ನಡವೂ ಬರುತ್ತದೆ. ಆದರೂ ಕರಡು ತಿದ್ದುವುದು ತಪ್ಪಿದ್ದಲ್ಲ. ಅಚ್ಚಿನಲ್ಲಿ ಅರ್ಕಾವತ್ತಿಗೂ ಕನ್ನಡದ ಒಂಬತ್ತರ ಅಂಕಿಗೂ ಹೆಚ್ಚು ವ್ಯತ್ಯಾಸವಿಲ್ಲ. ಮಸಿ ಹರಡಿದ ಒತ್ತಕ್ಷರವಂತೂ ಕಣ್ಣಿಗೇ ಕಷ್ಟ.

ಮನೆಯ ಕಪಾಟಿಗೆ ಕೈ ಹಾಕುವ ಮುನ್ನ ಕಾನೂನು ತಿಳಿದಿರಲಿ. ಭಾರತದಲ್ಲಿ ಹಕ್ಕುಸ್ವಾಮ್ಯ ಸಾಮಾನ್ಯವಾಗಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಇರುತ್ತದೆ. 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಪುಸ್ತಕ ಮುಕ್ತ. 1975ರಲ್ಲಿ ನಿಧನರಾದ ಡಿ.ವಿ.ಜಿ. ಅವರದು 2035 ಮುಗಿಯುವವರೆಗೆ ಅಲ್ಲ. ಅಜ್ಜನ ಕಾಲದ ಪುಸ್ತಕ ಕೈಗೆ ಸಿಕ್ಕರೆ ಮೊದಲು ಅದು ಆರ್ಕೈವ್‌ನಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ, ಹಕ್ಕಿನ ಅವಧಿ ಮುಗಿದಿದ್ದರೆ, ನೀವೇ ಸ್ಕ್ಯಾನ್ ಮಾಡಿ ಏರಿಸಿ. ಮೂಲ ಫೋಟೊಗಳನ್ನು ಅಳಿಸಬೇಡಿ, ಪುಸ್ತಕವನ್ನಂತೂ ಕತ್ತರಿಸಲೇಬೇಡಿ.