ನಿಮಗಿದು ಗೊತ್ತೆ? ವಿದೇಶಿ ಚಾಕೊಲೇಟಿಗೂ ಇಲ್ಲಿನ ವಿಳಾಸ ಬೇಕು
ಬಾಗಲಗುಂಟೆಯ ಅಂಗಡಿಯಲ್ಲಿ ಮಾರುವ ವಿದೇಶಿ ಚಾಕೊಲೇಟಿನ ಮೇಲೆ ಆಮದುದಾರರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇರಲೇಬೇಕು. ಅಚ್ಚಾಗಿರದಿದ್ದರೆ ಸ್ಟಿಕ್ಕರ್ ಆದರೂ ಇರಬೇಕು. ಅದಿಲ್ಲದ ಪೊಟ್ಟಣವನ್ನು ಕೊಳ್ಳಲೇಬಾರದು. ಸರಕು ಕಾನೂನಿನ ದಾರಿಯಲ್ಲೇ ಬಂದಿದೆ ಎನ್ನಲು ಗ್ರಾಹಕರ ಕೈಯಲ್ಲಿರುವ ನೇರ ಗುರುತು ಅದೇ. 2017ರ ಆಮದು ನಿಯಮಾವಳಿಯಂತೆ, ಬಂದಿಳಿದಾಗ ಬಾಳಿಕೆ ಅವಧಿಯ ಶೇ 60 ಅಥವಾ 3 ತಿಂಗಳು, ಯಾವುದು ಕಡಿಮೆಯೋ ಅಷ್ಟಾದರೂ ಉಳಿದಿರಬೇಕು. ಎಲ್ಲ ಸರಕನ್ನೂ ಪರೀಕ್ಷಿಸುವುದಿಲ್ಲವಲ್ಲ ಎಂಬ ಆಕ್ಷೇಪ ನಿಜ; ಅಪಾಯದ ಅಂದಾಜಿನ ಮೇಲೆ ಕೆಲವನ್ನು ಆಯ್ದುಕೊಳ್ಳುತ್ತಾರೆ. ಆದರೆ ಆಯ್ದದ್ದರ ಪರೀಕ್ಷೆ ಸಡಿಲವಲ್ಲ. ಮಾದರಿಯನ್ನು ಎರಡು ಪಾಲು ಮಾಡುತ್ತಾರೆ. ಮೊದಲನೆಯದು ಅನುತ್ತೀರ್ಣವಾಗಿ ಆಮದುದಾರ ಮೇಲ್ಮನವಿ ಸಲ್ಲಿಸಿದರೆ, ಎರಡನೆಯದು ಮೈಸೂರಿನ ಸಿಎಫ್‌ಟಿಆರ್‌ಐನಂಥ ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ.