ಕೊನ್ಯಾಕ್ ಮದ್ಯ, ತರುಣರ ರುಚಿ ಮತ್ತು ದ್ರಾಕ್ಷಿ ಬೆಳೆಗಾರ

ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ ಶರಾಂತ್ ನದಿಯ ದಡದ ಮೇಲೆ ಕೊನ್ಯಾಕ್ ಎಂಬ ಚಿಕ್ಕ ಪಟ್ಟಣವುಂಟು. ಅದರ ಸುತ್ತಣ ಪ್ರಾಂತ್ಯದಲ್ಲಿ ಬೆಳೆದ ದ್ರಾಕ್ಷಿಯಿಂದ ಬಟ್ಟಿಯಿಳಿಸಿದ ಬ್ರಾಂದಿಗೆ ಆ ಊರಿನ ಹೆಸರೇ ನಿಂತಿದೆ. ಕನ್ನಡ ನಾಡಿನಲ್ಲಿ ಬ್ರಾಂದಿ ಎಂದು ಮಾರಾಟವಾಗುವ ಪದಾರ್ಥದಲ್ಲಿ ಬಹುಭಾಗವು ಕಾಕಂಬಿಯ ಮದ್ಯಸಾರವೇ ಆಗಿರುವುದರಿಂದ, ದ್ರಾಕ್ಷಿಯೊಂದರಿಂದಲೇ ಆಗತಕ್ಕ ಈ ಮದ್ಯದ ತಯಾರಿಕೆಯನ್ನು ಮೊದಲು ತಿಳಿಯುವುದು ಅವಶ್ಯಕ.

ಎಲ್ಲ ದ್ರಾಕ್ಷಿಯೂ ಇದಕ್ಕೆ ಒದಗುವುದಿಲ್ಲ. ಅಲ್ಲಿಯ ತೋಟಗಳಲ್ಲಿ ಬಹುಮಟ್ಟಿಗೆ ಕಾಣುವುದು ಊನಿ ಬ್ಲಾಂ ಎಂಬ ಬಿಳಿಯ ಜಾತಿ. ತಿನ್ನುವವನಿಗೆ ಅದರಲ್ಲಿ ವಿಶೇಷವೇನೂ ಇಲ್ಲ. ಹುಳಿ ಹೆಚ್ಚು, ಸಕ್ಕರೆ ಕಡಮೆ. ಅದರ ರಸವು ಹುದುಗಿ ಆಗುವ ವೈನಿನಲ್ಲಿ ಮದ್ಯಸಾರವು ನೂರಕ್ಕೆ ೯ರಷ್ಟು ಮಾತ್ರ. ಕುಡಿಯುವುದಕ್ಕೆ ಕುಂದೆನಿಸುವ ಈ ಗುಣವೇ ಬಟ್ಟಿಗೆ ಅನುಕೂಲ. ಹುಳಿಯಿರುವುದರಿಂದ ಗಂಧಕದ ಸಹಾಯವಿಲ್ಲದೆ ವೈನು ಕೆಡದೆ ನಿಲ್ಲುತ್ತದೆ. ಮದ್ಯಸಾರ ಕಡಮೆಯಾದಷ್ಟೂ ಹೆಚ್ಚು ವೈನನ್ನು ಕಾಯಿಸಬೇಕಾಗಿ, ಹಣ್ಣಿನ ಪರಿಮಳವು ಮಂದಟ್ಟಾಗಿ ಇಳಿಯುತ್ತದೆ. ಒಂದು ಲೀಟರು ಸಾರಕ್ಕೆ ಸುಮಾರು ೯ ಲೀಟರು ವೈನು ಬೇಕು. ತಾಮ್ರದ ಹಂಡೆಯಲ್ಲಿ ಎರಡು ಸಾರಿ ಬಟ್ಟಿಯಿಳಿಸಿ, ಕೊಯ್ಲಿನ ಮುಂದಿನ ಮಾರ್ಚಿ ೩೧ರೊಳಗೆ ಆ ಕೆಲಸವನ್ನು ಮುಗಿಸಬೇಕೆಂಬುದು ಕಾನೂನು. ತರುವಾಯ ಓಕ್ ಮರದ ಪೀಪಾಯಿಗಳಲ್ಲಿ ೨ ವರ್ಷವಾದರೂ ಇಡಬೇಕು. ೨ ವರ್ಷದ್ದು ವಿ.ಎಸ್.; ೪ ವರ್ಷದ್ದು ವಿ.ಎಸ್.ಓ.ಪಿ.; ಎಕ್ಸ್.ಓ. ಎನ್ನಿಸಿಕೊಳ್ಳಲು ೨೦೧೮ರಿಂದ ೧೦ ವರ್ಷ ಬೇಕು.

ಯುರೋಪಿನಲ್ಲಿ ಕೊನ್ಯಾಕ್ ಎಂದರೆ ವಯಸ್ಸಾದ ಗೃಹಸ್ಥರು ಊಟವಾದ ಮೇಲೆ, ಹೊಟ್ಟೆಯಗಲದ ಗಾಜಿನ ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಗುಟುಕರಿಸತಕ್ಕ ವಸ್ತುವೆಂಬ ಭಾವನೆ ಬಹುಕಾಲ ಇದ್ದಿತು. ಈ ಭಾವನೆಯನ್ನು ಮುರಿದವರಲ್ಲಿ ಮೊದಲಿಗರು ಅಮೆರಿಕಾ ಸಂಯುಕ್ತ ಸಂಸ್ಥಾನದ ಆಫ್ರಿಕನ್ ಮೂಲದ ತರುಣರು. ಎರಡು ಮಹಾಯುದ್ಧಗಳಲ್ಲಿ ಫ್ರಾನ್ಸಿಗೆ ಹೋಗಿ ಬಂದ ಸೈನಿಕರಿಂದ ಅವರ ಸಮಾಜಕ್ಕೆ ಇದರ ಪರಿಚಯವಾಯಿತೆಂದು ಹೇಳುವುದುಂಟು. ಹೆನೆಸಿ ಕಂಪನಿಯು ೧೯೫೦ರ ದಶಕದಲ್ಲಿಯೇ ಅವರ ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿತ್ತು. ೧೯೯೦ರ ದಶಕದಿಂದ ರ‍್ಯಾಪ್ ಹಾಡುಗಾರರು ಈ ಕಂಪನಿಗಳ ಹೆಸರುಗಳನ್ನು ತಮ್ಮ ಪದಗಳಲ್ಲಿ ಸೇರಿಸತೊಡಗಿದರು. ೨೦೦೨ರಲ್ಲಿ ಬಸ್ಟಾ ರೈಮ್ಸ್ ಎಂಬ ಹಾಡುಗಾರರ ಜನಪ್ರಿಯವಾದ ಒಂದು ಹಾಡಿನ ಶೀರ್ಷಿಕೆಯಲ್ಲಿಯೇ ಕೂರ್ವಾಸಿಯೆ ಎಂಬ ಹೆಸರು ಬಂದಿತು. ಬಡಕೇರಿಯಿಂದ ಮೇಲೆ ಬಂದವನ ಸಿರಿಯ ಗುರುತಾಗಿ ಆ ಸೀಸೆಯು ತರುಣರ ಕಣ್ಣಿಗೆ ಬಿದ್ದಿತು.

ಕುಡಿಯುವ ರೀತಿಯೂ ಬದಲಾಯಿತು. ಮಂಜುಗಡ್ಡೆ, ನಿಂಬೆ, ಶುಂಠಿಯ ಸೋಡಾ ಮುಂತಾದುವುಗಳೊಡನೆ ಬೆರೆಸುವುದು ವಾಡಿಕೆಯಾಯಿತು. ೨೦೦೮ರಲ್ಲಿ ಕೊನ್ಯಾಕ್ ಪಟ್ಟಣದಲ್ಲಿಯೇ ಸೇರಿದ ಪರಿಣತರು ಶುಂಠಿ, ನಿಂಬೆ, ಸೌತೆಕಾಯಿಗಳನ್ನು ಕೂಡಿಸಿ 'ಸಮಿಟ್' ಎಂಬ ಮಿಶ್ರಣವನ್ನು ಕಲ್ಪಿಸಿದರು. ಹಿರಿಯರು ಇದನ್ನು ಅಪಚಾರವೆಂದರೂ ನೀರು ಬೆರೆಸುವುದು ಹೊಸದೇನಲ್ಲ. ಹಿಂದೂಸ್ಥಾನದಲ್ಲಿದ್ದ ಆಂಗ್ಲರ 'ಬ್ರಾಂದಿ-ಪಾನಿ' ಪ್ರಸಿದ್ಧವೇ ಆಗಿತ್ತು. ಬೆರೆಸುವುದಕ್ಕೆ ಹಳೆಯ ಮಾಲು ಬೇಕಿಲ್ಲವಾದ್ದರಿಂದ ಅಮೆರಿಕೆಗೆ ಹೆಚ್ಚಾಗಿ ಹೋದದ್ದು ಎಳೆಯದಾದ ವಿ.ಎಸ್. ತರಗತಿಯದು.

ಹಿಂದೊಮ್ಮೆ ಈ ಪ್ರಾಂತ್ಯದ ವ್ಯಾಪಾರವು ಕುಸಿದದ್ದು ರುಚಿಯ ಬದಲಾವಣೆಯಿಂದಲ್ಲ, ಕೀಟದಿಂದ. ೧೮೭೦ರ ದಶಕದಲ್ಲಿ ಫಿಲಾಕ್ಸೆರ ಎಂಬ ಬೇರಿನ ಹೇನು ತಗುಲಿ ತೋಟಗಳು ಹಾಳಾದುವು. ಬ್ರಾಂದಿ ದೊರೆಯದಾಗಲು ಆಂಗ್ಲರು ವಿಸ್ಕಿಗೆ ತಿರುಗಿದರು. ಅಮೆರಿಕಾದ ಬೇರುಗಿಡಗಳು ಹೇನನ್ನು ತಡೆಯಬಲ್ಲವಾದರೂ ಕೊನ್ಯಾಕಿನ ಸುಣ್ಣದ ಮಣ್ಣಿನಲ್ಲಿ ಅವುಗಳಲ್ಲಿ ಅನೇಕವು ಹಳದಿಗಟ್ಟಿ ಸೊರಗುತ್ತಿದ್ದುವು. ೧೮೮೭ರಲ್ಲಿ ಪಿಯೆರ್ ವಿಯಾಲಾ ಎಂಬ ಪಂಡಿತರು ಅಮೆರಿಕಕ್ಕೆ ಹೋಗಿ, ಟೆಕ್ಸಸಿನ ಟಿ. ವಿ. ಮನ್ಸನ್ ಎಂಬವರ ನೆರವಿನಿಂದ ಸುಣ್ಣವನ್ನು ಸಹಿಸತಕ್ಕ ಕಾಡುಬಳ್ಳಿಗಳನ್ನು ಗುರುತಿಸಿದ ಮೇಲೆ ಕಸಿಯಿಂದ ತೋಟಗಳು ಮತ್ತೆ ಎದ್ದವು. ವಿಜಯಪುರ ಮುಂತಾದ ಕಡೆ ದ್ರಾಕ್ಷಿ ಬೆಳೆಗಾರರು ಕಸಿಗೆ ಉಪಯೋಗಿಸುವ ಡಾಗ್ ರಿಡ್ಜ್ ಬೇರುಗಿಡದ ತೌರೂ ಟೆಕ್ಸಸ್ ನಾಡೇ.

ಹೊಸ ಗಿರಾಕಿಗಳಿಂದ ಬೆಳೆಗಾರರಿಗೆ ಒಳ್ಳೆಯ ಕಾಲ ಬಂದಿತೆಂಬುದರಲ್ಲಿ ಸಂದೇಹವಿಲ್ಲ. ಉತ್ಪನ್ನದಲ್ಲಿ ನೂರಕ್ಕೆ ೯೫ಕ್ಕೂ ಮಿಗಿಲಾದ ಭಾಗವು ಪರದೇಶಕ್ಕೇ ಹೋಗತಕ್ಕದ್ದು. ೨೦೨೧ರಲ್ಲಿ ೨೨ ಕೋಟಿಗೂ ಹೆಚ್ಚು ಸೀಸೆಗಳು ಮಾರಾಟವಾದುವು. ಆ ಭರವಸೆಯ ಮೇಲೆ ಸಾವಿರಾರು ಹೆಕ್ಟೇರುಗಳಲ್ಲಿ ಹೊಸ ಬಳ್ಳಿ ನೆಟ್ಟರು. ತೊಡಕಿರುವುದು ಇಲ್ಲಿಯೇ. ನೆಟ್ಟ ಬಳ್ಳಿ ಫಲಕ್ಕೆ ಬರಲು ಸುಮಾರು ೩ ವರ್ಷ, ಪೀಪಾಯಿಯಲ್ಲಿ ೨ ವರ್ಷ. ಹೀಗೆ ಅತ್ಯಂತ ಎಳೆಯ ಸೀಸೆಗೂ ೫ ವರ್ಷ ಕಾಯಬೇಕು. ತರುಣರ ರುಚಿ ಅಷ್ಟು ಕಾಲ ಕಾದು ನಿಲ್ಲುವುದಿಲ್ಲ. ಬೆಲೆಯೇರಿಕೆ, ದಾಸ್ತಾನಿನ ಭಾರ, ಮೆಕ್ಸಿಕೋ ದೇಶದ ಟೆಕೀಲಾ ಮದ್ಯದ ಪೈಪೋಟಿ ಇವೆಲ್ಲವೂ ಕೂಡಿ ೨೦೨೩ರಲ್ಲಿ ಮಾರಾಟವು ಸುಮಾರು ೧೬.೫ ಕೋಟಿ ಸೀಸೆಗಳಿಗೆ ಇಳಿಯಿತು. ೨೦೨೫ರ ಜುಲೈಯಲ್ಲಿ ಚೀನಾ ಸರ್ಕಾರವು ಯುರೋಪಿನ ಬ್ರಾಂದಿಯ ಮೇಲೆ ಹೆಚ್ಚಿನ ಸುಂಕ ವಿಧಿಸಿತು. ಗೊತ್ತಾದ ಬೆಲೆಗಿಂತ ಕಡಮೆಗೆ ಮಾರುವುದಿಲ್ಲವೆಂದು ಒಪ್ಪಿದ ದೊಡ್ಡ ಕಂಪನಿಗಳಿಗೆ ಮಾತ್ರ ವಿನಾಯಿತಿ.

ಹೊಡೆತವು ಮೊದಲು ತಾಗಿದ್ದು ಕಂಪನಿಗಳಿಗೆ ಸಾರವನ್ನು ಒದಗಿಸುವ ಬೆಳೆಗಾರರಿಗೆ. ಕಂಪನಿಗಳು ಕರಾರಿನ ಪ್ರಮಾಣವನ್ನು ಕಡಮೆ ಮಾಡಿದುವು. ಹೆಕ್ಟೇರಿಗೆ ಇಷ್ಟೇ ಸಾರವೆಂದು ಗೊತ್ತುಮಾಡುವ ಮಿತಿಯನ್ನು ೨೦೨೩, ೨೦೨೪, ೨೦೨೫ ಹೀಗೆ ವರ್ಷ ವರ್ಷವೂ ಇಳಿಸಲಾಯಿತು. ಮೊನ್ನೆ ನೆಟ್ಟ ಬಳ್ಳಿಯನ್ನು ಇಂದು ಕೀಳುವ ಪ್ರಸಂಗವೂ ಬಂದಿದೆ. ಮಾರದೆ ಉಳಿದ ಸಾರವು ಪೀಪಾಯಿಗಳಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ೨ರಂತೆ ಆವಿಯಾಗಿ ಹೋಗುತ್ತಿರುತ್ತದೆ. ಈ ನಷ್ಟಕ್ಕೆ ಆ ನಾಡಿನವರು 'ದೇವದೂತರ ಪಾಲು' ಎಂಬ ಹೆಸರಿಟ್ಟಿದ್ದಾರೆ.