ವಿಭಜಿತ ಚಾರ್ಜಿಂಗ್

ವಿಭಜಿತ ಚಾರ್ಜಿಂಗ್ ಎಂದರೆ ವಾಹನದ ಒಂದೇ ಆಲ್ಟರ್ನೇಟರ್‌ನಿಂದ ಎರಡು ಬ್ಯಾಟರಿಗಳನ್ನು ಚಾರ್ಜ್ ಮಾಡಿ, ಎಂಜಿನ್ ನಿಂತಾಗ ಅವೆರಡನ್ನೂ ಪರಸ್ಪರ ಬೇರ್ಪಡಿಸುವ ವಿದ್ಯುತ್ ವ್ಯವಸ್ಥೆ. ಮೊದಲನೆಯ ಬ್ಯಾಟರಿ ಎಂಜಿನ್ ಚಾಲೂ ಮಾಡಲು ಮೀಸಲಾಗಿರುತ್ತದೆ. ಎರಡನೆಯದು ದೀಪ, ಫ್ಯಾನ್, ಫ್ರಿಜ್, ನೀರಿನ ಪಂಪ್ ಮುಂತಾದ ಉಪಕರಣಗಳಿಗೆ ವಿದ್ಯುತ್ ಒದಗಿಸುತ್ತದೆ. ಕ್ಯಾಂಪರ್ ವ್ಯಾನ್, ಆಂಬುಲೆನ್ಸ್ ಹಾಗೂ ದೋಣಿಗಳಲ್ಲಿ ಈ ವ್ಯವಸ್ಥೆ ಬಳಕೆಯಲ್ಲಿದೆ.

ಅಗತ್ಯ

ಎಂಜಿನ್ ಚಾಲೂ ಮಾಡುವ ಸೀಸ-ಆಮ್ಲ ಬ್ಯಾಟರಿಯಲ್ಲಿ ತೆಳುವಾದ ಅನೇಕ ಫಲಕಗಳಿರುತ್ತವೆ. ಅದು ಕೆಲವು ಸೆಕೆಂಡುಗಳ ಕಾಲ ನೂರಾರು ಆಂಪಿಯರ್ ಪ್ರವಾಹವನ್ನು ನೀಡಬಲ್ಲದು. ಆದರೆ ಪದೇ ಪದೇ ಪೂರ್ತಿ ಬರಿದಾದರೆ ಬೇಗನೆ ಕೆಡುತ್ತದೆ. ದೀರ್ಘಕಾಲ ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ ನೀಡಲು ದಪ್ಪ ಫಲಕಗಳ ‘ಡೀಪ್ ಸೈಕಲ್’ ಬ್ಯಾಟರಿ ಸೂಕ್ತ. ಇವೆರಡನ್ನೂ ಸದಾಕಾಲ ಸಮಾಂತರವಾಗಿ ಜೋಡಿಸಿಟ್ಟರೆ, ರಾತ್ರಿಯಿಡೀ ನಡೆಯುವ ಫ್ರಿಜ್ ಎರಡನ್ನೂ ಬರಿದುಮಾಡುತ್ತದೆ ಮತ್ತು ಬೆಳಿಗ್ಗೆ ಎಂಜಿನ್ ಚಾಲೂ ಆಗುವುದಿಲ್ಲ.

ಉದಾಹರಣೆಗೆ, ಸರಾಸರಿ 40 ವ್ಯಾಟ್ ಬಳಸುವ ಫ್ರಿಜ್ 12 ವೋಲ್ಟ್‌ನಲ್ಲಿ ಸುಮಾರು 3.3 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಹತ್ತು ಗಂಟೆಗಳಲ್ಲಿ ಅದರ ಬಳಕೆ 33 ಆಂಪಿಯರ್-ಗಂಟೆಗಳಾಗುತ್ತದೆ. ಸೀಸ-ಆಮ್ಲ ಬ್ಯಾಟರಿಯ ಬಾಳಿಕೆಯ ದೃಷ್ಟಿಯಿಂದ ಅದರ ಸಾಮರ್ಥ್ಯದ ಅರ್ಧದಷ್ಟನ್ನು ಮಾತ್ರ ಬಳಸುವುದು ವಾಡಿಕೆ. ಆದ್ದರಿಂದ 100 ಆಂಪಿಯರ್-ಗಂಟೆಯ ಎರಡನೇ ಬ್ಯಾಟರಿ ಈ ಕೆಲಸಕ್ಕೆ ಸಾಕಾಗುತ್ತದೆ.

ವಿಧಾನಗಳು

ಕೈಯಿಂದ ತಿರುಗಿಸುವ ಸ್ವಿಚ್: ಅತ್ಯಂತ ಸರಳವಾದುದು. ಚಾಲಕ ಅದನ್ನು ತೆರೆಯಲು ಮರೆತರೆ ಎರಡೂ ಬ್ಯಾಟರಿಗಳು ಖಾಲಿಯಾಗುತ್ತವೆ.

ರಿಲೇ: ಆಲ್ಟರ್ನೇಟರ್ ವಿದ್ಯುತ್ ಉತ್ಪಾದಿಸಲು ಆರಂಭಿಸಿದ ನಂತರ ಅದರ ಸಂಕೇತದಿಂದ ರಿಲೇ ಎರಡೂ ಬ್ಯಾಟರಿಗಳನ್ನು ಕೂಡಿಸುತ್ತದೆ. ಈ ಸಂಕೇತದ ಬದಲು ಕೇವಲ ಕೀಲಿಯಿಂದ ರಿಲೇಯನ್ನು ನಿಯಂತ್ರಿಸಿದರೆ, ಎಂಜಿನ್ ಚಾಲೂ ಮಾಡುವಾಗಿನ ಭಾರೀ ಪ್ರವಾಹದ ಒಂದು ಪಾಲು ರಿಲೇಯ ಮೂಲಕವೇ ಹರಿದು ಅದನ್ನು ಕೆಡಿಸಬಹುದು.

ವೋಲ್ಟೇಜ್ ಗ್ರಹಿಸುವ ರಿಲೇ: ಮೊದಲನೇ ಬ್ಯಾಟರಿಯ ವೋಲ್ಟೇಜ್ ಸುಮಾರು 13.3ಕ್ಕೆ ಏರಿದಾಗ ಕೂಡಿಸಿ, ಸುಮಾರು 12.8ಕ್ಕೆ ಇಳಿದಾಗ ಬೇರ್ಪಡಿಸುತ್ತದೆ.

ಡಯೋಡ್: ಪ್ರವಾಹವನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತದೆ. ಸಾಮಾನ್ಯ ಸಿಲಿಕಾನ್ ಡಯೋಡಿನಲ್ಲಿ ಸುಮಾರು 0.7 ವೋಲ್ಟ್ ನಷ್ಟವಾಗುವುದರಿಂದ ಬ್ಯಾಟರಿ ಪೂರ್ಣ ಚಾರ್ಜ್ ಆಗದಿರಬಹುದು.

ಡಿಸಿ-ಡಿಸಿ ಚಾರ್ಜರ್: ಒಳಬರುವ ವೋಲ್ಟೇಜನ್ನು ಅಗತ್ಯಕ್ಕೆ ತಕ್ಕಂತೆ ಏರಿಸಿ ಎರಡನೇ ಬ್ಯಾಟರಿಗೆ ನೀಡುತ್ತದೆ. ಇಂಧನ ಉಳಿತಾಯಕ್ಕಾಗಿ ಆಲ್ಟರ್ನೇಟರ್‌ನ ವೋಲ್ಟೇಜನ್ನು ಕಂಪ್ಯೂಟರ್ ತಗ್ಗಿಸುವ ಹೊಸ ವಾಹನಗಳಿಗೆ ಇದು ಸೂಕ್ತ. ಲಿಥಿಯಂ ಬ್ಯಾಟರಿಯ ಆಂತರಿಕ ರೋಧ ಕಡಿಮೆ ಇರುವುದರಿಂದ, ನೇರವಾಗಿ ಜೋಡಿಸಿದರೆ ಅದು ಅತಿಯಾದ ಪ್ರವಾಹವನ್ನು ಎಳೆದು ಆಲ್ಟರ್ನೇಟರನ್ನು ಬಿಸಿಮಾಡಬಹುದು. ಈ ಚಾರ್ಜರ್ ಪ್ರವಾಹವನ್ನು ಮಿತಿಯಲ್ಲಿಡುತ್ತದೆ.

ತಂತಿಯ ದಪ್ಪ

ತಂತಿ ತೆಳುವಾದಷ್ಟೂ ವೋಲ್ಟೇಜ್ ನಷ್ಟ ಹೆಚ್ಚು. ಹೋಗಿಬರುವ ಒಟ್ಟು ಉದ್ದ 10 ಮೀಟರ್ ಇರುವ ತಾಮ್ರದ ತಂತಿಯಲ್ಲಿ 30 ಆಂಪಿಯರ್ ಹರಿದಾಗ, ಅಡ್ಡಕೊಯ್ತ 6 ಚದರ ಮಿಲಿಮೀಟರ್ ಆಗಿದ್ದರೆ ಸುಮಾರು 0.9 ವೋಲ್ಟ್, 16 ಚದರ ಮಿಲಿಮೀಟರ್ ಆಗಿದ್ದರೆ ಸುಮಾರು 0.3 ವೋಲ್ಟ್ ನಷ್ಟವಾಗುತ್ತದೆ. ಆಲ್ಟರ್ನೇಟರ್ 14.4 ವೋಲ್ಟ್ ನೀಡುತ್ತಿದ್ದರೂ ಮೊದಲ ಸಂದರ್ಭದಲ್ಲಿ ಎರಡನೇ ಬ್ಯಾಟರಿಗೆ ತಲಪುವುದು ಸುಮಾರು 13.5 ವೋಲ್ಟ್ ಮಾತ್ರ.

ಸುರಕ್ಷತೆ

ಸಾಮಾನ್ಯ ಉಪಕರಣದ ತಂತಿಗೆ ವಿದ್ಯುತ್ ಒಂದೇ ತುದಿಯಿಂದ ಬರುತ್ತದೆ. ಎರಡು ಬ್ಯಾಟರಿಗಳ ನಡುವಿನ ತಂತಿಗಾದರೋ ಎರಡೂ ತುದಿಗಳಲ್ಲಿ ವಿದ್ಯುತ್ ಮೂಲವಿರುತ್ತದೆ. ಈ ತಂತಿಯ ಹೊದಿಕೆ ಸವೆದು ವಾಹನದ ಲೋಹಕ್ಕೆ ತಗುಲಿತೆಂದರೆ, ಒಂದು ತುದಿಯ ಫ್ಯೂಸ್ ಸುಟ್ಟರೂ ಇನ್ನೊಂದು ಬ್ಯಾಟರಿಯಿಂದ ಪ್ರವಾಹ ಹರಿಯುತ್ತಲೇ ಇದ್ದು ಬೆಂಕಿ ಹತ್ತಬಹುದು. ಆದಕಾರಣ ಪ್ರತಿ ಬ್ಯಾಟರಿಯ ಧನಾಗ್ರಕ್ಕೆ ಆದಷ್ಟು ಸಮೀಪದಲ್ಲಿ ಒಂದೊಂದು ಫ್ಯೂಸ್ ಅಳವಡಿಸುವುದು ಅಗತ್ಯ. ಫ್ಯೂಸಿನ ಮಿತಿ ತಂತಿ ತಾಳಬಲ್ಲ ಪ್ರವಾಹವನ್ನು ಮೀರಬಾರದು.

ಅಳವಡಿಸುವ ಮೊದಲು ಎರಡೂ ಬ್ಯಾಟರಿಗಳ ಋಣಾಗ್ರಗಳನ್ನು ಬಿಚ್ಚಲಾಗುತ್ತದೆ. ಅಪಘಾತದಲ್ಲಿ ಉರುಳದಂತೆ ಎರಡನೇ ಬ್ಯಾಟರಿಯನ್ನು ಭದ್ರವಾಗಿ ಬಿಗಿಯಬೇಕು. ಸೀಸ-ಆಮ್ಲ ಬ್ಯಾಟರಿ ಚಾರ್ಜ್ ಆಗುವಾಗ ಸ್ಫೋಟಕ ಗುಣದ ಜಲಜನಕ ಅನಿಲ ಹೊರಬರಬಹುದಾದ್ದರಿಂದ, ಅದನ್ನು ಜನರು ಮಲಗುವ ಜಾಗದಲ್ಲಿಟ್ಟರೆ ಅನಿಲ ವಾಹನದ ಹೊರಗೆ ಹೋಗಲು ಕೊಳವೆ ಅಥವಾ ಗಾಳಿಕಿಂಡಿ ಇರಬೇಕು.